ಹಳ್ಳದೊಳಗಿನ ಸುರಮಾ ಕಣ್ಣು

ಕುಕ್ಕರಿನ ಸೀಟಿಗೆ ಹೆದರುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಒಲೆಯ ಮೇಲೆ ಬೇಳೆ ಇಟ್ಟಾಗಲೆಲ್ಲ ಸೊಸೆ ಜಯಶ್ರೀ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಅತ್ತೀ, ಈಗ ಹೊಡೀತದ ನೋಡ್ರಿ, ಹುಷಾರ್ರಿ!" ನಾನೂ ಹುಷಾರಾಗಿಯೇ ಕೂತಿರುತ್ತೇನೆ. ಆದರೂ ಅದು ಹೊಡೆದಾಗ ಕೈಯಲ್ಲಿದ್ದದ್ದು ನೆಲಕ್ಕೆ. ಚಹದ ಕಪ್ಪುಗಳು ಒಡೆದೂ ಒಡೆದೂ ಈಗ ನನಗೆ ಸ್ಟೀಲ್ ಲೋಟದಲ್ಲೇ ಚಹ ಕೊಡುವುದು.

ಇದು ಮುಪ್ಪಿನ ಚಾಳಿ ಎಂದುಕೊಳ್ಳಬೇಡಿ. ಹಲಬರ್ಗಾದ ಶಾಲೆಗೆ ಹೊಸದಾಗಿ ಟೀಚರಾಗಿ ಹೋದಾಗ ಡ್ರಿಲ್ ಮಾಸ್ತರರು ಸೀಟಿ ಊದಿದೊಡನೆ ಮಕ್ಕಳೆಲ್ಲ ಎದ್ದು ನಿಲ್ಲುತ್ತಿದ್ದರು, ನಾನೊಬ್ಬಳು ಕುಸಿದು ಕೂತುಬಿಡುತ್ತಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಹೊಡೆದರೆ ಸೀಟಿನ ಕೆಳಗೆ ಬಗ್ಗಿಬಿಡುತ್ತಿದ್ದೆ. "ಏನ್ ಕಳಕೊಂಡ್ರಿ ಬಾಯಿ?" ಎಂದು ಪಕ್ಕದವರು ಕೇಳಿದರೆ "ಪಿನ್ನು ಬಿತ್ರಿ" ಎನ್ನುವುದು. ಭಾಲ್ಕಿಯಿಂದ ಬೀದರಿಗೆ ಬರುವುದರೊಳಗೆ ನನ್ನ ಪಿನ್ನು ಎಷ್ಟು ಸಲ ಬೀಳುತ್ತಿತ್ತೋ! ನಮ್ಮ ಯಜಮಾನರಿಗೆ ಸ್ನಾನ ಮಾಡುವಾಗ ಸಿಳ್ಳೆ ಹಾಕುವ ಖಯಾಲಿ ಇತ್ತು. ಮದುವೆಯಾದ ಹೊಸದರಲ್ಲೇ ಅತ್ತು ಕರೆದು ಬಿಡಿಸಿದೆ. ಪಾಪ, ಆಮೇಲೆ ಅವರು ಬಚ್ಚಲಲ್ಲಿ ಬರೀ ಕೆಮ್ಮುತ್ತಿದ್ದರು.

ಈ ಹೆದರಿಕೆಗೆ ಕಾರಣವೊಂದಿದೆ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಆ ಕಾರಣಕ್ಕೆ ರೆಕ್ಕೆಗಳಿದ್ದವು ಎಂಬುದು ಗೊತ್ತಾದದ್ದು ಮಾತ್ರ ಮೊನ್ನೆ.

ಮಳೆಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಬೀದರಿನ ನಮ್ಮ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಂದು ಹಕ್ಕಿ ಬಿದ್ದಿತ್ತು. ಗೋಡೆಗೆ ಬಡಿದುಕೊಂಡಿತ್ತೋ ಏನೋ, ಎದ್ದು ಕೂತರೂ ಹಾರುತ್ತಿರಲಿಲ್ಲ. ಮೈನಾದಷ್ಟೂ ಇರಲಿಲ್ಲ. ಬಾಲ ಯಾರೋ ಕತ್ತರಿಸಿದ ಹಾಗೆ ಗಿಡ್ಡ. ಬೆನ್ನು ಹಸಿರು, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಎದೆ ಬಾದಾಮಿ ಬಣ್ಣ, ಕೊರಳು ಬಿಳಿ, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಕಣ್ಣಿಗೆ ಕೊಕ್ಕಿನಿಂದ ಕತ್ತಿನ ತನಕ ದಪ್ಪನೆ ಕಪ್ಪು ಪಟ್ಟಿ. "ಯಾರದೋ ಪಂಜರದಾಗಿಂದ ತಪ್ಪಿಸ್ಕೊಂಡು ಬಂದದ" ಎಂದು ನಾನು ತೀರ್ಪು ಕೊಟ್ಟೆ. ಟೀಚರ್ ಕೆಲಸ ಬಿಟ್ಟು ಇಷ್ಟು ವರ್ಷವಾದರೂ ತೀರ್ಪು ಕೊಡುವುದು ಬಿಟ್ಟಿಲ್ಲ ನೋಡಿ.

ಎದುರು ಮನೆಯ ಸಂಗಮೇಶ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, ರಜೆ ಬಂದರೆ ಕ್ಯಾಮೆರಾ ನೇತುಹಾಕಿಕೊಂಡು ಹಕ್ಕಿ ಹುಡುಕುತ್ತ ತಿರುಗುವವನು. ಅವನನ್ನು ಕರೆದರೆ ಕುಣಿದೇಬಿಟ್ಟ. "ಅಜ್ಜೀ, ನವರಂಗ ಅದರಿ ಇದು! ನಾವು ಅಡವಿಯೊಳಗ ಹುಡುಕಿದ್ರೂ ಸಿಗಲ್ಲ, ನಿಮ್ಮ ಬಚ್ಚಲಕ್ಕ ತಾನೇ ಬಂದದ."

"ಅಡವೀದು ಆದ್ರ ಇಷ್ಟು ದಿನ ಎಲ್ಲಿತ್ತಪಾ? ನಾ ಒಮ್ಮಿಯೂ ನೋಡಿಲ್ಲ."

"ಹ್ಯಾಂಗ ಕಾಣ್ತದರಿ? ಪೊದಿಯೊಳಗ ನೆಲದ ಮ್ಯಾಲೆ ಇರ್ತದ. ಒಣ ಎಲಿ ತಿರುವಿ ಹಾಕಿ ಹುಳಾ ತಿಂತದ. ಸದ್ದಾದ್ರ ಗಪ್ಪನೆ ನಿಂತುಬಿಡ್ತದ. ಬಾಯಿ ಬಿಡೋದು ಬೆಳಕು ಹರಿಯುವಾಗ, ಹೊತ್ತು ಮುಳುಗುವಾಗ ಅಷ್ಟೇ. ಈಗ ದಕ್ಷಿಣದ ಕಡಿ ಹೊಂಟದ, ದಣಿದು ಬಿದ್ದದ. ತಡೀರಿ, ಅದರ ದನಿ ಕೇಳಸ್ತೇನಿ." ಹೀಗೆಂದು ಫೋನ್ ಒತ್ತಿದ.

ಎರಡು ಸ್ವರದ ಸಿಳ್ಳೆ. ಒಂದು ಮೇಲಕ್ಕೆ ಎಳೆದದ್ದು, ಒಂದು ಕೆಳಕ್ಕೆ ಇಳಿದದ್ದು. ಹ್ವೀಟ್... ಟಿಯೂ.

ಆಮೇಲೆ ಏನಾಯಿತೆಂದು ನನಗೆ ಜಯಶ್ರೀಯೇ ಹೇಳಬೇಕಾಯಿತು. ನಾನು ಗೋಡೆಗೆ ಒತ್ತಿಕೊಂಡು ಕೂತಿದ್ದೆನಂತೆ. ನನ್ನ ಒಂದು ಕೈ ನನ್ನ ಬಾಯಿ ಮುಚ್ಚಿತ್ತು, ಇನ್ನೊಂದು ಕೈ ಅವಳ ಬಾಯಿ ಮುಚ್ಚಿತ್ತು. ಹುಡುಗ ಹೌಹಾರಿ ಫೋನ್ ಆರಿಸಿದ. ಹಕ್ಕಿ ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡು ಪಕ್ಕದ ಮನೆಯ ಬೇವಿನ ಗಿಡ ದಾಟಿ ಹೋಯಿತು. ನಾನು ಮಾತ್ರ ಅಂದು ಊಟ ಮಾಡಲಿಲ್ಲ. ನನ್ನ ಜೀವ ಎಕಂಬಾದ ಹಳ್ಳಕ್ಕೆ ಹೋಗಿ ಕೂತಿತ್ತು.

ಔರಾದ ತಾಲ್ಲೂಕಿನ ಎಕಂಬಾ ನಾನು ಹುಟ್ಟಿದ ಊರು. ಕುರಿ ಸಾಕುವ ಮನೆತನ ನಮ್ಮದು. ಅಪ್ಪ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ಅಪ್ಪನ ತಮ್ಮ ಶರಣಪ್ಪ ಕಾಕಾ, ಇವರೆಲ್ಲರ ಮೇಲೆ ಆಯಿ, ಎಂದರೆ ಅಪ್ಪನ ತಾಯಿ. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಪ್ಪಿಕೊಳ್ಳಬೇಕಲ್ಲ! "ನನಗ ಎಲ್ಲಾ ಕಾಣ್ತದ" ಎನ್ನುತ್ತ ನಾಯಿಯನ್ನು ಕುರಿಮರಿಯೆಂದು ಎತ್ತಿಕೊಳ್ಳುತ್ತಿದ್ದಳು. ಆದರೆ ಅವಳು ಕಂಡೆ ಎಂದರೆ ಕಂಡ ಹಾಗೆ. ಮನೆಯಲ್ಲೂ ಊರಲ್ಲೂ ಅವಳ ಮಾತಿಗೆ ಎದುರಿರಲಿಲ್ಲ.

ನನಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ನಿಜಾಮನ ರಾಜ್ಯದ ಕೊನೆಯ ಮಳೆಗಾಲ ಅದು, ರಜಾಕಾರರ ಹಾವಳಿಯ ಕಾಲ. ಆ ದಿನಗಳಲ್ಲಿ ನಮ್ಮೂರಿನಲ್ಲಿ ಒಂದು ಶಬ್ದ ಕೆಟ್ಟುಹೋಯಿತು. "ಬಂದ್ರು" ಎಂಬ ಶಬ್ದ. ಮೊದಲು ಬೀಗರು ಬಂದರೆ, ಬಂಡಿಯಿಂದ ಅತ್ತೆ ಇಳಿದರೆ ನಾವು ಮಕ್ಕಳು "ಬಂದ್ರು, ಬಂದ್ರು!" ಎಂದು ಕುಣಿಯುತ್ತಿದ್ದೆವು. ಈಗ ಯಾರಾದರೂ "ಬಂದ್ರು" ಎಂದರೆ ಸಾಕು, ಯಾರು ಬಂದರು ಎಂದು ಕೇಳುವವರಿಲ್ಲ. ಒಲೆಗೆ ನೀರು ಸುರಿದು, ರೊಟ್ಟಿ ಸೆರಗಿಗೆ ಕಟ್ಟಿಕೊಂಡು ಎಲ್ಲರೂ ಊರ ಹಿಂದಿನ ಹಳ್ಳಕ್ಕೆ. ನಿಜ ಹೇಳಬೇಕೆಂದರೆ ನಮ್ಮೂರಿಗೆ ರಜಾಕಾರರು ಒಮ್ಮೆಯೂ ಬರಲಿಲ್ಲ. ಬಂದದ್ದು ಸುದ್ದಿ ಒಂದೇ. ಆದರೆ ಪಕ್ಕದ ಊರಿಗೆ ಬಂದವರು ನಮ್ಮೂರಿಗೆ ಬರಲಾರರು ಎಂದು ಯಾರು ಖಾತ್ರಿ ಕೊಡಬೇಕು? ದಿನಾ ಸಂಜೆ ಜೀವ ಕೈಯಲ್ಲಿ ಹಿಡಿದು ಹೊರಡುವುದು, ಬೆಳಕು ಹರಿದ ಮೇಲೆ ಮರಳುವುದು.

ಹಳ್ಳವೆಂದರೆ ನೀರಿಗಿಂತ ಪೊದೆಯೇ ಹೆಚ್ಚು. ಸೀತಾಫಲ, ಬಾರಿಗಿಡ, ಕಾರಿಗಿಡ ಒಂದರೊಳಗೊಂದು ಹೆಣೆದುಕೊಂಡು ನಡುವೆ ಒಣ ಎಲೆಯ ಹಾಸಿಗೆ. ಕಾಕಾ ಮೇಲೆ ದಿಬ್ಬದ ಮೇಲೆ ಕುರಿಗಳ ಜೊತೆ ಇರುತ್ತಿದ್ದ. ಕುರಿ ಕರೆಯಲು ಅವನು ಹಾಕುತ್ತಿದ್ದದ್ದು ಎರಡು ಸ್ವರದ ಸಿಳ್ಳೆ. ದಾರಿ ಖಾಲಿ ಇದ್ದರೆ ಅದನ್ನೇ ಹಾಕುತ್ತೇನೆ, ಆಗ ಮನೆಗೆ ಬರ್ರಿ ಎಂದು ಹೇಳಿದ್ದ.

ಮೊದಲ ಸಂಜೆಯೇ ಸಿಳ್ಳೆ ಕೇಳಿತು. ಎದ್ದು ಹೊರಟೆವು. ಎದುರಿಗೆ ಕಾಕಾ ಓಡಿ ಬಂದ. "ಯಾಕ ಎದ್ದ್ರಿ? ನಾ ಹಾಕಿಲ್ಲ!"

"ಮತ್ತ ಯಾರು ಹಾಕಿದ್ರೋ?" ಎಂದು ಅವ್ವ ಕೇಳಿದಳು. ಅಷ್ಟರಲ್ಲಿ ಹಳ್ಳದ ಆ ಕಡೆಯಿಂದ ಮತ್ತೊಂದು ಸಿಳ್ಳೆ ಬಂತು, ಮೊದಲನೆಯದಕ್ಕೆ ಜವಾಬು ಕೊಟ್ಟ ಹಾಗೆ. ನಾವು ಮತ್ತೆ ಪೊದೆಯೊಳಗೆ ನುಸುಳಿದೆವು.

ಮೊನ್ನೆ ಸಂಗಮೇಶ ಹೇಳಿದ ಒಂದೊಂದು ಲಕ್ಷಣವನ್ನೂ ನಾವು ಆಗಲೇ ಕಂಡುಹಿಡಿದಿದ್ದೆವು, ಆದರೆ ಬೇರೆ ಲೆಕ್ಕದಲ್ಲಿ. ಸಂಜೆ ಮತ್ತು ನಸುಕಿನಲ್ಲಿ ಮಾತ್ರ ಸಿಳ್ಳೆ ಹಾಕುತ್ತಾನೆ. ಎಂದರೆ ನಾವು ಬರುವ ಹೋಗುವ ಹೊತ್ತು ಅವನಿಗೆ ಗೊತ್ತು. ಒಣ ಎಲೆಯ ಮೇಲೆ ಸರಪರ ಎಂದು ನಡೆಯುತ್ತಾನೆ, ನಾವು ಅಲುಗಿದರೆ ಗಪ್ಪನೆ ನಿಲ್ಲುತ್ತಾನೆ, ಎಂದರೆ ಹುಡುಕುತ್ತಿದ್ದಾನೆ. ಒಬ್ಬನಲ್ಲ, ಆ ಕಡೆ ಜೊತೆಗಾರನೂ ಇದ್ದಾನೆ. ಕುರಿ ಕಾಯುವವರು ಬಯಲಿನ ಹಕ್ಕಿಗಳನ್ನು ಬಲ್ಲರು. ಪೊದೆಯ ನೆಲದಲ್ಲಿ ಕದ್ದು ಬದುಕುವ ಹಕ್ಕಿ ನಮಗೆ ಹೇಗೆ ಗೊತ್ತಿರಬೇಕು? ಅಲ್ಲದೆ ಹೆದರಿ ಮೊಣಕಾಲ ಸಂದಿಯಲ್ಲಿ ಮುಖ ಹುದುಗಿಸಿ ಕೂತ ನಮ್ಮಲ್ಲಿ ತಲೆ ಎತ್ತಿ ನೋಡಿದವರೇ ಇಲ್ಲ.

ಆಯಿಯೊಬ್ಬಳನ್ನು ಬಿಟ್ಟು.

ಒಂದು ಸಂಜೆ ಸರಪರ ಸದ್ದು ತೀರಾ ಹತ್ತಿರ ಬಂತು. ಆಯಿ ಎಲೆ ಸರಿಸಿ ನೋಡಿದಳು. ನನ್ನ ಭುಜವನ್ನು ಉಗುರು ಊರುವ ಹಾಗೆ ಹಿಡಿದಳು. ಬೆಳಿಗ್ಗೆ ಮನೆಗೆ ಬಂದ ಮೇಲೆಯೇ ಬಾಯಿ ಬಿಟ್ಟದ್ದು. "ಹಸಿರು ಕೋಟು ಹಾಕ್ಯಾನ. ಬಗ್ಗಿ ಬಗ್ಗಿ ಏಳ್ತಾನ. ಕಣ್ಣಿಗೆ ಇಷ್ಟು ದಪ್ಪ ಸುರಮಾ!"

ಅವ್ವನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ನಮ್ಮೂರಲ್ಲಿ ಹಸಿರು ಕೋಟು ಹಾಕುವವರು, ಕಣ್ಣಿಗೆ ಕಾಡಿಗೆಯ ಹಾಗೆ ಸುರಮಾ ಹಚ್ಚುವವರು ಒಬ್ಬರೇ. ಕಲಾಯಿ ಚಾಚಾ.

ಇಮಾಮಸಾಬ ಎಂದು ಅವನ ಹೆಸರು. ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕುವವನು. ಹಳ್ಳದ ದಂಡೆಯಲ್ಲೇ ಅವನ ಗುಡಿಸಲು. ಅವನು ತಿದಿ ಒತ್ತುತ್ತ, ಕಾದ ಪಾತ್ರೆಯೊಳಗೆ ಅರಳೆಯಿಂದ ತವರ ತಿಕ್ಕಿದರೆ ಕಪ್ಪು ಪಾತ್ರೆ ಕ್ಷಣದಲ್ಲಿ ಬೆಳ್ಳಿಯಾಗುತ್ತಿತ್ತು. ನಾವು ಮಕ್ಕಳು ಅದರೊಳಗೆ ಇಣುಕಿ ಹಲ್ಲು ಕಿಸಿಯುತ್ತಿದ್ದೆವು. ನನ್ನ ಬಿದ್ದ ಹಲ್ಲಿನ ಜಾಗ ನೋಡಿ "ಬಾ, ಇಲ್ಲೂ ಕಲಾಯಿ ಹಾಕ್ತೇನಿ" ಎಂದು ಅಟ್ಟಿಸಿಕೊಂಡು ಬರುತ್ತಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ಭಾಲ್ಕಿಯ ತವರಿಗೆ ಹೋಗಿದ್ದಳು.

"ಅಂವ ಅಲ್ಲ ಬಿಡು ಅತ್ತಿ" ಎಂದಳು ಅವ್ವ.

"ನನಗ ಕಣ್ಣಿಲ್ಲೇನು?" ಎಂದಳು ಆಯಿ. ಈ ಪ್ರಶ್ನೆಗೆ ಹೌದು ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಧ್ಯಾಹ್ನದೊಳಗೆ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಅಂದಿನಿಂದ ಚಾಚಾನ ಮುಂದೆ ಯಾರೂ ಪಾತ್ರೆ ಇಡಲಿಲ್ಲ. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಆಮೇಲೆ ಆಕಾಶದಲ್ಲಿ ವಿಮಾನ ಹಾರಿದವು. ಬೀದರಿನ ಕಡೆ ಧಡಲ್ ಎಂದು ಸದ್ದಾಯಿತು. ಮಿಲಿಟರಿ ಲಾರಿಗಳು ಬಂದವಂತೆ, ನಿಜಾಮ ಶರಣಾದನಂತೆ. ದೊಡ್ಡವರು ಅದನ್ನು ಪೋಲೀಸ್ ಆ್ಯಕ್ಷನ್ ಎಂದರು. ಇನ್ನು ಹಳ್ಳಕ್ಕೆ ಹೋಗುವುದಿಲ್ಲ ಎಂದು ಕೇಳಿ ನಾನು ಕುಣಿದೆ. ಆದರೆ "ಬಂದ್ರು" ಎಂಬ ಶಬ್ದ ಊರು ಬಿಟ್ಟು ಹೋಗಲಿಲ್ಲ, ಓಣಿ ಬದಲಿಸಿತು. ಈಗ ಸೇಡು ತೀರಿಸಿಕೊಳ್ಳಲು ಕೊಡಲಿ ಹಿಡಿದು ಊರಿಂದೂರಿಗೆ ತಿರುಗುವ ಗುಂಪುಗಳು ಎದ್ದಿದ್ದವು. ನೆರೆ ಊರಿನ ಸಾಬರ ಮನೆಗಳಲ್ಲಿ ಒಲೆಗೆ ನೀರು ಬೀಳತೊಡಗಿತು. ಕಲಾಯಿ ಚಾಚಾನ ಗುಡಿಸಲಿನ ಬಾಗಿಲು ತೆರೆದೇ ಇತ್ತು, ಒಳಗೆ ಅವನಿರಲಿಲ್ಲ.

"ಇವತ್ತು ಸಂಜಿ ಇಲ್ಲಿಗಿ ಬರ್ತಾರಂತ. ಹಳ್ಳದಾಗ ಸೀಟಿ ಹೊಡದು ರಜಾಕಾರರಿಗಿ ಸನ್ನಿ ಮಾಡಿದಂವ ಯಾರು ಅಂತ ಕೇಳ್ಕೋತ ಬರ್ತಾರಂತ" ಎಂದು ಕಾಕಾ ಸುದ್ದಿ ತಂದ.

ಆಯಿ ಕೋಲು ಹಿಡಿದು ಎದ್ದಳು. "ಗುಡಿಸಲದಾಗ ಇಲ್ಲಂದ್ರ ಹಳ್ಳದಾಗೇ ಇರ್ತಾನ. ಅವರು ಕೇಳೂಕಿಂತ ಮೊದಲ ನಾ ಕೇಳ್ತೇನಿ. ನಮ್ಮ ಅಂಗಳದಾಗ ಉಂಡಂವ ಯಾಕ ಹಿಂಗ ಮಾಡಿದಿ ಅಂತ ಮಾರಿ ನೋಡಿ ಕೇಳ್ತೇನಿ." ದಾರಿ ತೋರಿಸಲು ನನ್ನ ಕೈ ಹಿಡಿದಳು. ಕಣ್ಣು ಕಾಣುವುದಿಲ್ಲವೆಂದಲ್ಲ, ಕಲ್ಲು ಜಾಸ್ತಿ ಅಂತ.

ಹೊತ್ತು ಮುಳುಗುತ್ತಿತ್ತು. ಹಳ್ಳಕ್ಕೆ ಇಳಿಯುತ್ತಲೇ ಸಿಳ್ಳೆ ಕೇಳಿತು. ಹ್ವೀಟ್... ಟಿಯೂ. ನಾನು ನಿಂತುಬಿಟ್ಟೆ. ಆಯಿ ಎಳೆದುಕೊಂಡೇ ನಡೆದಳು. ನಾವು ದಿನಾ ಕೂಡುತ್ತಿದ್ದ ಅದೇ ಸೀತಾಫಲದ ಪೊದೆಯಲ್ಲಿ, ನಾವು ಕೂಡುತ್ತಿದ್ದ ಹಾಗೆಯೇ ಮೊಣಕಾಲ ನಡುವೆ ಮುಖ ಇಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಲಾಯಿ ಚಾಚಾ ಕೂತಿದ್ದ. ನಮ್ಮನ್ನು ನೋಡಿ ಆಯಿಯ ಕಾಲು ಹಿಡಿದುಕೊಂಡ.

"ಆಯೀ, ಮೆಲ್ಲಗ ಮಾತಾಡ್ರಿ. ಯಾರೋ ಅದಾರ ಇಲ್ಲಿ. ನಿನ್ನಿಯಿಂದ ಸೀಟಿ ಹೊಡೀಲತಾರ. ಒಬ್ಬಂವ ಈ ಕಡಿ ಹಾನ, ಒಬ್ಬಂವ ಆ ಕಡಿ. ನನ್ನ ಹುಡುಕಲತಾರ್ರಿ."

ಸಿಳ್ಳೆ ಮತ್ತೆ ಕೇಳಿತು, ನಮ್ಮ ತಲೆಯ ಮೇಲಿಂದಲೇ ಬಂದ ಹಾಗೆ. ಚಾಚಾ ಮತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಯಿ ಬಗ್ಗಿ ಅವನ ಮುಖ ಮುಟ್ಟಿ ಮುಟ್ಟಿ ನೋಡಿದಳು. ಬಾಯಿಯ ಮೇಲಿದ್ದ ಅವನ ಕೈಗಳನ್ನು ಮುಟ್ಟಿ ನೋಡಿದಳು. ಆಮೇಲೆ ಅವನ ಪಕ್ಕದಲ್ಲೇ ಎಲೆಗಳ ಮೇಲೆ ಕುಸಿದಳು.

"ಯವ್ವಾ, ನೀ ಅಲ್ಲ!" ಎಂದಳು. "ನೀ ಅಲ್ಲೋ ಯಪ್ಪಾ. ನಾ ಏನ್ ಅಂದುಬಿಟ್ಟೆ!"

ಏನೆಂದಳೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರೂ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತೆವು. ಅಷ್ಟು ಹೆದರಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಯಾಕೆಂದರೆ ಸಿಳ್ಳೆ ಹಾಕುವವನು ಇನ್ನೂ ಅಲ್ಲೇ ಇದ್ದ, ಮತ್ತು ಅವನು ಯಾರ ಕಡೆಯವನೂ ಆಗಿರಲಿಲ್ಲ.

ಚಾಚಾನನ್ನು ಅಲ್ಲೇ ಬಿಟ್ಟು ಮನೆಗೆ ಬಂದರೆ ಗುಂಪು ಅಂಗಳದಲ್ಲಿ ಕೂತಿತ್ತು. ಪರ ಊರಿನವರು. ಕೊಡಲಿಗಳನ್ನು ಗೋಡೆಗೆ ಆನಿಸಿಟ್ಟು ನೀರು ಕುಡಿಯುತ್ತಿದ್ದರು. ಅವರೊಳಗೆ ದೊಡ್ಡ ಮೀಸೆಯವನು ಕೇಳಿದ: "ಊರಾಗ ಯಾರಿಗಿ ಕೇಳಿದ್ರೂ ಆಯಿಗಿ ಕೇಳ್ರಿ ಅಂತಾರ. ಹಳ್ಳದಾಗ ಸನ್ನಿ ಮಾಡಿದಂವನ್ನ ನೀವು ಕಂಡೀರಂತ. ಯಾರು ಹೇಳ್ರಿ. ಎಲ್ಲಿ ಹಾನ?"

ಅವ್ವ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ಆಯಿ ನಿಧಾನಕ್ಕೆ ಕೂತಳು, ಕೋಲು ಪಕ್ಕಕ್ಕಿಟ್ಟಳು.

"ಕಂಡೀನ್ರೋ ಯಪ್ಪಾ. ಮನಷ್ಯಾ ಆಗಿದ್ರ ಹೆಸರು ಹೇಳ್ತಿದ್ದೆ. ಅದಕ್ಕ ಕಾಲೇ ಇರಲಿಲ್ಲ. ದೆವ್ವ ಅದ."

ಯಾರೋ ನಕ್ಕರು. ಆಯಿ ಕೈ ಎತ್ತಿ "ಕೇಳ್ರಿ" ಎಂದಳು. ಹಳ್ಳದ ಕಡೆಯಿಂದ, ಅಂದಿನ ಕೊನೆಯ ಬೆಳಕಿನಲ್ಲಿ, ಸ್ಪಷ್ಟವಾಗಿ ಬಂತು: ಹ್ವೀಟ್... ಟಿಯೂ. ಆ ಕಡೆಯಿಂದ ಜವಾಬೂ ಬಂತು. ನಕ್ಕವನ ಬಾಯಿ ತೆರೆದೇ ಉಳಿಯಿತು. ಮನುಷ್ಯರನ್ನು ಕಡಿಯಲು ಹೊರಟ ಗಂಡಸರು ದೆವ್ವಕ್ಕೆ ಹೆದರುತ್ತಾರೆ ಎಂಬುದು ನನಗೆ ತಿಳಿದದ್ದು ಅಂದೇ. "ಮುಂಜಾನಿ ಬೆಳಕಿನ್ಯಾಗ ಇಳದು ನೋಡೋಣ" ಎಂದ ಮೀಸೆಯವನು. ಎಲ್ಲರೂ ಚಾವಡಿಗೆ ಹೋಗಿ ಮಲಗಿದರು.

ಅವರಿಗಿಂತ ಮೊದಲು ನಾವು ಹಳ್ಳದಲ್ಲಿದ್ದೆವು. ಕಾಕಾ ಎಂದಿನ ಹಾಗೆ ಕುರಿ ಹೊಡೆದುಕೊಂಡು ಇಳಿದ. ಆಯಿ ಕಾಕಾನ ಧೋತರ, ರುಮಾಲು, ಕಂಬಳಿ ತಂದಿದ್ದಳು. ಹಸಿರು ಕೋಟನ್ನು ಒಣ ಎಲೆಗಳ ಕೆಳಗೆ ತುರುಕಿದರು. ಕಂಬಳಿ ಹೊದ್ದ ಮೇಲೆ ಚಾಚಾ ಥೇಟ್ ನಮ್ಮವನೇ ಕಂಡ, ಕಣ್ಣೊಂದು ಬಿಟ್ಟು. ಆಯಿ ಸೆರಗನ್ನು ಹಳ್ಳದ ನೀರಲ್ಲಿ ಅದ್ದಿ ತಾನೇ ಅವನ ಸುರಮಾ ಒರೆಸಿದಳು. ಅವನು ಅಳುತ್ತಲೇ ಇದ್ದ. "ಅಳಬ್ಯಾಡ, ಮತ್ತ ಕರಗಿ ಇಳೀತದ" ಎಂದು ಗದರಿದಳು. ಭಾಲ್ಕಿಯಲ್ಲಿ ಹೆಂಡತಿಯ ಹತ್ತಿರ ಅವನನ್ನು ಮುಟ್ಟಿಸಬೇಕು. ಚಿಕ್ಕ ಹುಡುಗಿ ಜೊತೆಗಿದ್ದರೆ ಯಾರೂ ಸಂಶಯಪಡುವುದಿಲ್ಲವೆಂದು ನನ್ನನ್ನೂ ಕಳಿಸಿದರು.

ಊರ ಗಡಿ ದಾಟುವಲ್ಲಿ ಗುಂಪು ಬೇವಿನ ಕಡ್ಡಿ ಅಗಿಯುತ್ತ ಎದುರಿಗೆ ಬಂತು. ಕುರಿಗಳು, ಅವುಗಳ ಹಿಂದೆ ಕಾಕಾ, ನಾನು, ಕಂಬಳಿ ಹೊದ್ದ ಚಾಚಾ. ದಾಟಿಯೇಬಿಟ್ಟಿದ್ದೆವು. ಅಷ್ಟರಲ್ಲಿ ಒಂದು ಕುರಿ ಗುಂಪಿನ ಕಡೆಗೆ ತಿರುಗಿತು. ಕಾಕಾನ ಕೆಟ್ಟ ರೂಢಿ! ನಾಲಿಗೆ ಮಡಚಿ ಎರಡು ಸ್ವರದ ಸಿಳ್ಳೆ ಹಾಕಿಬಿಟ್ಟ.

ಚಾಚಾ ಕುರಿಗಳ ನಡುವೆ ದೊಪ್ಪನೆ ಕುಸಿದು ಬಾಯಿ ಮುಚ್ಚಿಕೊಂಡ.

ಎಲ್ಲರೂ ನಿಂತರು. ಮೀಸೆಯವನು ಹತ್ತಿರ ಬಂದ. "ಏನಾತು ಇವಗ? ಯಾರಿಂವ?"

ಕಾಕಾ ನಡುವೆ ಬಂದು ನಿಂತ. "ನಮ್ಮ ಸೋದರಮಾವನ ಮಗಾರಿ. ನಿನ್ನಿ ಸಂಜಿ ಹಳ್ಳದಾಗ ಸೀಟಿ ಕೇಳ್ಯಾನ. ಬಡದದರಿ ಅದು. ದೆವ್ವ ಬಿಡಸೋ ದೇವಋಷಿ ಕಡಿ ಕರಕೊಂಡು ಹೊಂಟೀನಿ."

ಮೀಸೆಯವನು ಚಾಚಾನ ನಡುಗುವ ಮೈ ನೋಡಿದ. ಬಾಯಿಯ ಕಡ್ಡಿ ತೆಗೆದ. ಹಿಂದಕ್ಕೆ ಸರಿದ. ಅವನು ಸರಿದದ್ದನ್ನು ನೋಡಿ ಉಳಿದವರೂ ಸರಿದರು. ಕಾಕಾ ಚಾಚಾನ ರಟ್ಟೆ ಹಿಡಿದು ಎಬ್ಬಿಸಿದ. ನಾವು ನಡೆದೆವು. ತಿರುಗಿ ನೋಡಲಿಲ್ಲ.

ನನ್ನ ಕಾಲು ಸೋತಾಗ ಇಬ್ಬರೂ ಸರದಿಯಂತೆ ಹೊತ್ತುಕೊಂಡರು. ಭಾಲ್ಕಿ ಮುಟ್ಟಿದಾಗ ಚಾಚಾನ ಹೆಂಡತಿಗೆ ಮಗಳು ಹುಟ್ಟಿದ್ದಳು. ಅವನು ಕೂಸನ್ನು ಕಂಬಳಿಯಲ್ಲೇ ಎತ್ತಿಕೊಂಡ. ಮುಂದೆ ಅಲ್ಲೇ ನೆಲೆಸಿದ, ಎಕಂಬಾಕ್ಕೆ ಮರಳಲಿಲ್ಲ. ಹಳ್ಳದಲ್ಲಿ ಸೀಟಿ ಹೊಡೆದವನು ಯಾರು ಎಂಬುದು ಅವನಿಗೂ ತಿಳಿಯಲಿಲ್ಲ, ಆಯಿಗೂ ತಿಳಿಯಲಿಲ್ಲ. ಈಗ ನನಗೆ ತಿಳಿದಿದೆ, ಹೇಳೋಣವೆಂದರೆ ಅವರಿಲ್ಲ.

ಭಾಲ್ಕಿಯಿಂದ ಮರಳುವ ದಾರಿಯಲ್ಲಿ ಕುರಿಗಳು ದಿಕ್ಕಿಗೊಂದು ಚದುರಿದವು. ಕಾಕಾ ನಾಲಿಗೆ ಮಡಚಿದ. ಹಾಗೇ ನಿಂತ. ಮಡಚಿದ ನಾಲಿಗೆ ಬಿಚ್ಚಿ, ಒಂದೊಂದರ ಹಿಂದೆಯೂ ಓಡಿ ಓಡಿ ಕೂಡಿಸಿದ. ಅವನು ಬದುಕಿರುವ ತನಕ ಕುರಿಗೆ ಸಿಳ್ಳೆ ಹಾಕಲಿಲ್ಲ. ಬಾಯಿಂದಲೇ ಕರೆಯುತ್ತಿದ್ದ, ಅದೂ ಹಿರಿಯರನ್ನು ಕರೆದ ಹಾಗೆ ಮಾತಿಗೊಂದು 'ರಿ' ಹಚ್ಚಿ. ಊರವರು ನಗುತ್ತಿದ್ದರು. ಅವನು ತಲೆ ಕೆಡಿಸಿಕೊಳ್ಳದೆ ಹಿಂದೆ ಉಳಿದ ಕುರಿಯ ಹತ್ತಿರ ಬಗ್ಗಿ ಹೇಳುತ್ತಿದ್ದ: "ಬರ್ರಿ, ಬರ್ರಿ. ಹೆದರಬ್ಯಾಡ್ರಿ. ನಾನೇ ಅದೀನ್ರಿ."